ನಂಜು ಏರುವುದು ಎಲ್ಲಿಂದ?



ಮನೆಯಲ್ಲಿ ಯಾರಿಗಾದರೂ ಕಾಲಿಗೆ ಗಾಯವಾದಾಗ ಹಿರಿಯರು ಆಡುವ ಮಾತುಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ‘ಬದನೆಕಾಯಿ ತಿನ್ನಬೇಡ, ನಂಜು’ ಎನ್ನುತ್ತಾರೆ. ನಾಲ್ಕು ದಿನ ಕಳೆದು ಗಾಯ ಕೆಂಪಗೆ ಬಾತು ಕೀವು ತುಂಬಿತೆನ್ನಿ, ಆಗ ‘ಗಾಯ ನಂಜಾಯಿತು’ ಎನ್ನುತ್ತಾರೆ. ಸಿಗಡಿ ತಿಂದವನ ಮೈಮೇಲೆ ದದ್ದು ಎದ್ದರೂ ಅದೇ ಮಾತು: ‘ಅವನಿಗೆ ಸಿಗಡಿ ನಂಜು.’ ವಿಷ ಕುಡಿದ ಶಿವನನ್ನು ನಂಜುಂಡ ಎಂದು ಕರೆದ ಭಾಷೆ ನಮ್ಮದು. ಆ ಒಂದೇ ಶಬ್ದದಲ್ಲಿ ನಾವು ವಿಷವನ್ನೂ, ಕೀವನ್ನೂ, ದದ್ದನ್ನೂ ಇಟ್ಟುಕೊಂಡಿದ್ದೇವೆ.

ವೈದ್ಯವಿಜ್ಞಾನ ಇವನ್ನು ಬೇರೆ ಬೇರೆ ಮಾಡಿತು. ದೇಹಕ್ಕೆ ಹಾನಿ ಮಾಡದ ವಸ್ತುವೊಂದನ್ನು ದೇಹವೇ ಶತ್ರುವೆಂದು ತಿಳಿದು ಎಗರಾಡಿದರೆ ಅದು ಅಲರ್ಜಿ. ಈ ಶಬ್ದವನ್ನು 1906ರಲ್ಲಿ ಬಳಕೆಗೆ ತಂದವನು ವಿಯೆನ್ನಾದ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ. ಹೊರಗಿನ ಜೀವಿಯೊಂದು ದೇಹದೊಳಗೆ ಹೊಕ್ಕು ಅಲ್ಲಿ ಬೆಳೆದರೆ ಅದು ಸೋಂಕು. ಪಠ್ಯಪುಸ್ತಕದಲ್ಲಿ ಇವೆರಡೂ ಬೇರೆ ಬೇರೆ ಅಧ್ಯಾಯಗಳು. ಆದರೆ ಮನುಷ್ಯನ ಚರ್ಮ ಪಠ್ಯಪುಸ್ತಕವನ್ನು ಓದಿಲ್ಲ. ಅಲ್ಲಿ ಅಲರ್ಜಿ ಸೋಂಕಿಗೆ ದಾರಿ ತೆರೆಯುತ್ತದೆ; ಒಳಗೆ ಬಂದ ಸೋಂಕು ಅಲರ್ಜಿಯನ್ನು ಕೆರಳಿಸುತ್ತದೆ. ಪರದೆಯ ಮೇಲಿನ ಹತ್ತು ನಿಮಿಷದ ಮಾತಿಗೆ ಹಿಡಿಸದ ಈ ಸಂಬಂಧವನ್ನು ಇಲ್ಲಿ ಕೊಂಚ ನಿಧಾನವಾಗಿ ನೋಡೋಣ. ಉದಾಹರಣೆಗೆ ಕಾರವಾರ ಮತ್ತು ಅಂಕೋಲೆಯನ್ನು ಆರಿಸಿಕೊಂಡಿದ್ದೇನೆ. ಅಲ್ಲಿನ ರೋಗಗಳು ವಿಶೇಷವಾದವು ಎಂದಲ್ಲ. ಅಲ್ಲಿನ ಮಳೆ, ಮೀನು, ಗೇರು, ಗದ್ದೆ ಎಲ್ಲವೂ ಸೇರಿ ಚರ್ಮವನ್ನು ಪರೀಕ್ಷೆಗೆ ಒಡ್ಡುವುದರಿಂದ ವಿಷಯ ಎದ್ದು ಕಾಣುತ್ತದೆ.

ಚಿರೇಕಲ್ಲಿನ ಗೋಡೆ

ಕರಾವಳಿಯ ಮನೆಗಳ ಚಿರೇಕಲ್ಲಿನ ಗೋಡೆಯನ್ನು ನೋಡಿದ್ದೀರಿ. ಕಲ್ಲಿನ ಮೇಲೆ ಕಲ್ಲು, ನಡುವೆ ಗಾರೆ. ನಮ್ಮ ಚರ್ಮದ ಅತಿ ಮೇಲಿನ ಪದರವೂ ಹೀಗೆಯೇ ಕಟ್ಟಿದ್ದು. ಸತ್ತು ಚಪ್ಪಟೆಯಾದ ಜೀವಕೋಶಗಳೇ ಕಲ್ಲು. ಅವುಗಳ ನಡುವಿನ ಜಿಡ್ಡು ಪದಾರ್ಥವೇ ಗಾರೆ. ಅಂಗೈ, ಅಂಗಾಲುಗಳನ್ನು ಬಿಟ್ಟರೆ ಈ ಗೋಡೆಯ ದಪ್ಪ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗದ ಆಸುಪಾಸು, ಅಷ್ಟೆ. ಇಷ್ಟು ತೆಳುವಾದ ಗೋಡೆ ಒಳಗಿನ ನೀರು ಆರಿಹೋಗದಂತೆ, ಹೊರಗಿನ ರೋಗಾಣು ಒಳಗೆ ಬಾರದಂತೆ ತಡೆಯುತ್ತದೆ. ಆರೋಗ್ಯವಂತ ಚರ್ಮ ಕೊಂಚ ಹುಳಿಗುಣದ್ದು ಕೂಡ. ಹಲವು ರೋಗಾಣುಗಳಿಗೆ ಆ ಹುಳಿ ಸೇರುವುದಿಲ್ಲ. ನಾವು ಬಳಸುವ ಹೆಚ್ಚಿನ ಸಾಬೂನುಗಳು ಕ್ಷಾರಗುಣದವು. ಅತಿಯಾಗಿ ಉಜ್ಜಿದರೆ ಆ ಹುಳಿಯೂ ಹೋಗುತ್ತದೆ, ಗಾರೆಯೂ ಕರಗುತ್ತದೆ.

ಕೆಲವರಿಗೆ ಹುಟ್ಟಿನಿಂದಲೇ ಗಾರೆ ಸಡಿಲ. ಚರ್ಮವನ್ನು ಗಟ್ಟಿಯಾಗಿ, ತೇವವಾಗಿ ಇಡುವ ಫಿಲಾಗ್ರಿನ್ ಎಂಬ ಪ್ರೋಟೀನು ಅವರಲ್ಲಿ ಕಡಿಮೆ. ಇದರ ವಂಶವಾಹಿಯಲ್ಲಿನ ದೋಷಕ್ಕೂ ಅಲರ್ಜಿಯ ಇಸಬಿಗೂ ಇರುವ ನಂಟನ್ನು ಸ್ಕಾಟ್ಲೆಂಡಿನ ಡಂಡಿಯ ಸಂಶೋಧಕರ ತಂಡ 2006ರಲ್ಲಿ ತೋರಿಸಿತು. ಅಲ್ಲಿಯವರೆಗೆ ಇಸಬು ಎಂದರೆ ರಕ್ತದೊಳಗಿನ ಯಾವುದೋ ದೋಷ ಹೊರಗೆ ಕಾಣಿಸಿಕೊಳ್ಳುವುದು ಎಂಬ ಭಾವನೆಯೇ ಬಲವಾಗಿತ್ತು. ಗೋಡೆ ಸಡಿಲವಾದದ್ದೇ ಅನೇಕರಲ್ಲಿ ಮೊದಲು, ಅಲರ್ಜಿ ಆಮೇಲೆ ಎಂಬ ವಿಚಾರ ಆ ನಂತರ ಬಲಗೊಂಡಿತು.

ಇಸಬು ಮಕ್ಕಳ ಕಾಯಿಲೆ, ದೊಡ್ಡವರಾದ ಮೇಲೆ ತಾನಾಗಿ ಹೋಗುತ್ತದೆ ಎಂದು ನೀವು ಕೇಳಿರಬಹುದು. ಅನೇಕರಲ್ಲಿ ಹೋಗುತ್ತದೆ, ನಿಜ. ಆದರೆ ಕೆಲವರಲ್ಲಿ ಮೊಣಕೈ, ಮೊಣಕಾಲಿನ ಮಡಿಕೆಗಳಲ್ಲಿ ಉಳಿದುಬಿಡುತ್ತದೆ. ಇನ್ನು ಕೆಲವರಲ್ಲಿ ದುಡಿಯುವ ವಯಸ್ಸಿನಲ್ಲಿ, ದುಡಿಯುವ ಕೈಗಳಲ್ಲೇ ಹೊಸದಾಗಿ ಹುಟ್ಟುತ್ತದೆ. ನಮ್ಮ ಮಾತು ಮುಖ್ಯವಾಗಿ ಇವರ ಕುರಿತು.

ಚಿನ್ನದ ಬಣ್ಣದ ಅತಿಥಿ

ಸ್ಕಾಟ್ಲೆಂಡಿನವನೇ ಆದ ಅಲೆಕ್ಸಾಂಡರ್ ಆಗ್‌ಸ್ಟನ್ ಎಂಬ ಶಸ್ತ್ರವೈದ್ಯ 1880ರ ದಶಕದಲ್ಲಿ ಕೀವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದಾಗ ದ್ರಾಕ್ಷಿ ಗೊಂಚಲಿನಂಥ ದುಂಡು ಬ್ಯಾಕ್ಟೀರಿಯಾಗಳು ಕಂಡವು. ಅವುಗಳಿಗೆ ಸ್ಟೆಫೈಲೊಕಾಕಸ್ ಎಂದು ಹೆಸರಿಟ್ಟ. ಅವುಗಳಲ್ಲಿ ಹೊಂಬಣ್ಣದ ಬಗೆಯೊಂದಿದೆ. ಅದೇ ಸ್ಟೆಫೈಲೊಕಾಕಸ್ ಆರಿಯಸ್. ಆರಿಯಸ್ ಎಂದರೆ ಲ್ಯಾಟಿನ್ನಿನಲ್ಲಿ ಚಿನ್ನದ ಬಣ್ಣದ್ದು. ಆರೋಗ್ಯವಂತರಲ್ಲೂ ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಇದು ಸದ್ದಿಲ್ಲದೆ ಕುಳಿತಿರುತ್ತದೆ. ಕುಳಿತಿದ್ದರೆ ತೊಂದರೆಯಿಲ್ಲ. ದಾರಿ ಸಿಕ್ಕರೆ ತೊಂದರೆ.

ಇಸಬಿನ ಚರ್ಮದಲ್ಲಿ ದಾರಿ ಸಿಗುತ್ತದೆ. ಅಲ್ಲಿಯ ತನಕ ಪ್ರಕಟವಾಗಿದ್ದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2016ರಲ್ಲಿ ಮಾಡಿದ ಲೆಕ್ಕದಂತೆ, ಅಲರ್ಜಿಯ ಇಸಬಿರುವ ರೋಗಿಗಳಲ್ಲಿ ಶೇಕಡ 70 ಮಂದಿಯ ಇಸಬಿನ ಜಾಗದಲ್ಲಿ ಈ ಬ್ಯಾಕ್ಟೀರಿಯಾ ಇತ್ತು. ಅದೇ ರೋಗಿಗಳ ಮೈಯಲ್ಲಿ ಇಸಬಿಲ್ಲದ ಜಾಗದಲ್ಲೂ ಶೇಕಡ 39ರಷ್ಟು ಮಂದಿಯಲ್ಲಿ ಕಂಡುಬಂತು.

ಬಿರುಕು ಬಿಟ್ಟದ್ದೇ ಕಾರಣವಾಗಿದ್ದರೆ ಸೋರಿಯಾಸಿಸ್ ಎಂಬ ಇನ್ನೊಂದು ಚರ್ಮರೋಗದಲ್ಲೂ ಹೀಗೆಯೇ ಸೋಂಕಾಗಬೇಕಿತ್ತಲ್ಲವೇ? ಅಲ್ಲೂ ಚರ್ಮ ಕೆಂಪಾಗಿ, ಪದರ ಪದರವಾಗಿ ಏಳುತ್ತದೆ. ಆದರೆ ಅಲ್ಲಿ ಸೋಂಕು ತೀರಾ ಕಡಿಮೆ. ಈ ಒಗಟಿಗೆ 2002ರಲ್ಲಿ ಉತ್ತರದ ಒಂದು ಎಳೆ ಸಿಕ್ಕಿತು. ಚರ್ಮದ ಕೋಶಗಳು ರೋಗಾಣುಗಳನ್ನು ಕೊಲ್ಲುವ ಸಣ್ಣ ಪ್ರೋಟೀನುಗಳನ್ನು ತಾವೇ ತಯಾರಿಸಿಕೊಳ್ಳುತ್ತವೆ. ಅಮೆರಿಕದ ಸಂಶೋಧಕರು ಎರಡೂ ರೋಗಗಳ ಚರ್ಮವನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಸೋರಿಯಾಸಿಸ್‌ನಲ್ಲಿ ಆ ಪ್ರೋಟೀನುಗಳು ಧಾರಾಳವಾಗಿದ್ದವು, ಇಸಬಿನಲ್ಲಿ ಕೊರತೆಯಿತ್ತು. ಅಂದರೆ ಇಸಬಿನಲ್ಲಿ ಗೋಡೆಯೂ ಬಿರುಕು, ಕಾವಲುಗಾರನೂ ಬಡಪಾಯಿ. ಅಲರ್ಜಿಯ ಉರಿಯೂತವೇ ಆ ಕಾವಲುಗಾರನ ಕೈ ಕಟ್ಟಿಹಾಕುತ್ತದೆ ಎಂಬುದು ಈಗ ತಿಳಿದಿದೆ.

ಒಳಗೆ ಬಂದ ಬ್ಯಾಕ್ಟೀರಿಯಾ ಸುಮ್ಮನಿರುವುದಿಲ್ಲ. ಅದು ಸ್ರವಿಸುವ ವಿಷವಸ್ತುಗಳು ಅಲರ್ಜಿಯ ಕೋಶಗಳನ್ನು ಮತ್ತಷ್ಟು ರೇಗಿಸುತ್ತವೆ. ತುರಿಕೆ ಏರುತ್ತದೆ. ಉಗುರು ಓಡುತ್ತದೆ. ಗೋಡೆಯ ಇನ್ನೊಂದು ಕಲ್ಲು ಕಳಚುತ್ತದೆ. 2023ರಲ್ಲಿ ಹಾರ್ವರ್ಡಿನ ಸಂಶೋಧಕರು ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಇನ್ನೂ ಕುತೂಹಲದ ಸಂಗತಿ ಹೊರಬಿತ್ತು. ಈ ಬ್ಯಾಕ್ಟೀರಿಯಾ ಬಿಡುಗಡೆ ಮಾಡುವ ಒಂದು ಕಿಣ್ವ ತುರಿಕೆಯ ನರತುದಿಗಳನ್ನು ನೇರವಾಗಿಯೇ ಮೀಟುತ್ತದೆ. ನಡುವೆ ಅಲರ್ಜಿಯ ದಳ್ಳಾಳಿತನವೂ ಬೇಕಿಲ್ಲ. ‘ಎಷ್ಟು ಹೇಳಿದರೂ ಕೇಳುವುದಿಲ್ಲ, ಕೆರೆದುಕೊಳ್ಳುತ್ತಲೇ ಇರುತ್ತಾನೆ’ ಎಂದು ರೋಗಿಯನ್ನು ಬೈಯುವವರು ಇದನ್ನು ಓದಬೇಕು.

ಒದ್ದೆ ಕೈ, ಒದ್ದೆ ಕಾಲು

ಈಗ ಕಾರವಾರಕ್ಕೆ ಬನ್ನಿ. ಬೈತಖೋಲ ಬಂದರಿನಲ್ಲಿ ಬೆಳಿಗ್ಗೆ ಮೀನು ವಿಂಗಡಿಸುವ, ಐವತ್ತರ ಹತ್ತಿರದ ಮಹಿಳೆಯೊಬ್ಬರನ್ನು ಊಹಿಸಿಕೊಳ್ಳಿ. ಕೈ ಉಪ್ಪುನೀರಿನಲ್ಲಿ, ಮಂಜುಗಡ್ಡೆಯಲ್ಲಿ, ಮೀನಿನ ಲೋಳೆಯಲ್ಲಿ. ಮೀನಿನ ಮುಳ್ಳು, ಸಿಗಡಿಯ ಕೊಂಬು ದಿನವೂ ನಾಲ್ಕಾರು ಕಡೆ ಚುಚ್ಚುತ್ತವೆ. ಮನೆಗೆ ಬಂದರೆ ಪಾತ್ರೆ, ಬಟ್ಟೆ. ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಕಾಲ ಕೈ ಒದ್ದೆಯಾಗಿರುವ ಕೆಲಸವನ್ನು ವೃತ್ತಿ ಆರೋಗ್ಯದ ತಜ್ಞರು ‘ಒದ್ದೆ ಕೆಲಸ’ ಎಂದು ಪ್ರತ್ಯೇಕವಾಗಿ ಗುರುತಿಸುತ್ತಾರೆ, ಏಕೆಂದರೆ ಕೈಯ ಇಸಬಿಗೆ ಅದೇ ದೊಡ್ಡ ಕಾರಣ. ಈ ಮಹಿಳೆಯ ಲೆಕ್ಕ ಎರಡು ಗಂಟೆಗೆ ನಿಲ್ಲುವುದಿಲ್ಲ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧವಿರುತ್ತದಲ್ಲ, ಆಗ ಕೈಗೆ ಬಿಡುವೇ ಎಂದರೆ ಅದೂ ಪೂರ್ತಿ ಇಲ್ಲ. ಅದು ಮಳೆಗಾಲ. ಕಾರವಾರದಲ್ಲಿ ವರ್ಷಕ್ಕೆ ಎರಡೂವರೆ ಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ತೊಳೆದ ಬಟ್ಟೆ ಮೂರು ದಿನವಾದರೂ ಒಣಗದ ಆ ದಿನಗಳಲ್ಲಿ ಕಾಲ್ಬೆರಳ ಸಂದಿ ಒಣಗುವುದೆಲ್ಲಿ ಬಂತು?

ಮೀನು ಮುಟ್ಟುವವರ ಕೈಗೆ ತಗಲುವ ಕೆಲವು ಸೋಂಕುಗಳು ಪೇಟೆಯ ವೈದ್ಯರಿಗೆ ಅಪರೂಪ. ಎರಿಸಿಪೆಲಾಯ್ಡ್ ಎಂಬುದೊಂದಿದೆ. ಮುಳ್ಳು ಚುಚ್ಚಿದ ಬೆರಳು ಕೆಲವೇ ದಿನಗಳಲ್ಲಿ ನೇರಳೆ ಮಿಶ್ರಿತ ಕೆಂಪಾಗಿ ಬಾತು ವಿಪರೀತ ನೋಯುತ್ತದೆ, ಪೆನ್ಸಿಲಿನ್‌ಗೆ ಬಗ್ಗುತ್ತದೆ. ಕ್ಷಯದ ರೋಗಾಣುವಿನ ದೂರದ ಬಂಧುವೊಂದು ಮೀನಿನಲ್ಲಿ, ನೀರಿನಲ್ಲಿ ಇದ್ದು, ಗಾಯದಲ್ಲಿ ಸೇರಿಕೊಂಡು ವಾರಗಟ್ಟಲೆ ಮಾಯದ ಗಂಟುಗಳನ್ನು ಎಬ್ಬಿಸುತ್ತದೆ. ಬೆಚ್ಚಗಿನ ಅಳಿವೆ ನೀರಿನಲ್ಲಿ ಬದುಕುವ ವಿಬ್ರಿಯೊ ಜಾತಿಯ ಬ್ಯಾಕ್ಟೀರಿಯಾ ಒಂದು ಯಕೃತ್ತಿನ ಕಾಯಿಲೆ ಅಥವಾ ಸಕ್ಕರೆ ಕಾಯಿಲೆ ಇರುವವರಲ್ಲಿ ಗಂಟೆಗಳಲ್ಲೇ ಜೀವಕ್ಕೆ ಎರವಾಗಬಲ್ಲದು. ಇದು ಅಪರೂಪ, ಆದರೆ ಕಾಳಿ ಅಥವಾ ಗಂಗಾವಳಿ ಅಳಿವೆಯಲ್ಲಿ ಬೆಳಚು ಹೆಕ್ಕುವಾಗ ಕಾಲು ಕೊಯ್ದುಕೊಂಡವರು ವೈದ್ಯರ ಬಳಿ ‘ಅಳಿವೆಯಲ್ಲಿ ಆದ ಗಾಯ’ ಎಂದು ಬಾಯಿಬಿಟ್ಟು ಹೇಳಬೇಕು. ಆ ಒಂದು ಮಾತಿನಿಂದ ಔಷಧದ ಆಯ್ಕೆಯೇ ಬದಲಾಗುತ್ತದೆ.

ಅಂಕೋಲೆಯ ಕಡೆ ಬೇಸಿಗೆಯಲ್ಲಿ ಇನ್ನೊಂದು ದಾರಿ ತೆರೆಯುತ್ತದೆ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಕರಿ ಇಷಾಡ ಮಾವಿನ ಊರು ಅದು. ಮಾವಿನ ಸೊನೆ ಕೆನ್ನೆಗೆ, ತುಟಿಯ ಅಂಚಿಗೆ ತಗಲಿ ಸುಟ್ಟಂತೆ ಆದದ್ದು ನಿಮ್ಮಲ್ಲಿ ಅನೇಕರಿಗೆ ಗೊತ್ತು. ಮಾವು, ಗೇರು, ಕಾಡಿನ ಹೊಳಗೇರು ಇವೆಲ್ಲ ಒಂದೇ ಕುಟುಂಬದ ಮರಗಳು. ಗೇರುಬೀಜದ ಸಿಪ್ಪೆಯ ಎಣ್ಣೆ ಈ ಪೈಕಿ ಭಾರಿ ಖಾರದ್ದು. ಮೊದಲು ಸುಡುತ್ತದೆ, ಕೆಲವರಲ್ಲಿ ಅಲ್ಲಿಗೆ ನಿಲ್ಲದೆ ದೇಹ ಅದನ್ನು ‘ನೆನಪಿಟ್ಟುಕೊಂಡು’ ಮುಂದಿನ ಸಲ ತೊಟ್ಟು ತಗಲಿದರೂ ಗುಳ್ಳೆ ಎಬ್ಬಿಸುತ್ತದೆ. ಸಂಪರ್ಕದ ಅಲರ್ಜಿ ಎನ್ನುವುದು ಇದನ್ನೇ. ಗುಳ್ಳೆ ಒಡೆದು ರಸಿ ಇಳಿಯುವಾಗ ಹೊಂಬಣ್ಣದ ಅತಿಥಿ ಹಾಜರಾಗುತ್ತಾನೆ. ಜೇನಿನ ಬಣ್ಣದ ಹೆಕ್ಕಳಿಕೆ ಕಟ್ಟಿತೆಂದರೆ ಸೋಂಕು ಸೇರಿದೆ ಎಂದು ಅನುಮಾನಿಸಬೇಕು.

ತಿರುಗಿ ಬರುವ ದಾರಿ

ಇದುವರೆಗೆ ಅಲರ್ಜಿಯಿಂದ ಸೋಂಕಿಗೆ ಹೋಗುವ ದಾರಿ ನೋಡಿದೆವು. ಸೋಂಕಿನಿಂದ ಅಲರ್ಜಿಗೆ ಬರುವ ದಾರಿಯೂ ಇದೆ. ನನಗೆ ಹೆಚ್ಚು ಸ್ವಾರಸ್ಯ ಕಾಣುವುದು ಇಲ್ಲಿಯೇ.

ಕಜ್ಜಿಯನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಚರ್ಮದಲ್ಲಿ ಬಿಲ ಕೊರೆಯುತ್ತದೆ. ತುರಿಸುವುದು ಹುಳ ಕಚ್ಚುವುದರಿಂದಲ್ಲ. ಹುಳದ ಮೈಗೆ, ಮಲಕ್ಕೆ ದೇಹ ತೋರುವ ಅಲರ್ಜಿಯಿಂದ. ಅದಕ್ಕೇ ಮೊದಲ ಬಾರಿ ಕಜ್ಜಿ ತಗಲಿದವರಿಗೆ ತುರಿಕೆ ಶುರುವಾಗಲು ಮೂರರಿಂದ ಆರು ವಾರ ಬೇಕು. ಆ ಅವಧಿಯಲ್ಲಿ ಅವರು ಏನೂ ಅರಿಯದೆ ಮನೆಮಂದಿಗೆಲ್ಲ ಹಂಚಿರುತ್ತಾರೆ. ಎರಡನೇ ಬಾರಿ ತಗಲಿದರೆ ಒಂದೆರಡು ದಿನಗಳಲ್ಲೇ ತುರಿಕೆ. ದೇಹಕ್ಕೆ ಆಗಲೇ ಪಾಠ ಬಾಯಿಪಾಠವಾಗಿರುತ್ತದೆ. ಹಾಸ್ಟೆಲಿನಲ್ಲಿ ಒಬ್ಬನಿಗೆ ಮಾತ್ರ ಔಷಧ ಹಚ್ಚಿದರೆ ಸಾಲದು, ಕೋಣೆಯವರೆಲ್ಲ ಒಂದೇ ದಿನ ಹಚ್ಚಿಕೊಳ್ಳಬೇಕು ಎಂದು ವೈದ್ಯರು ಹೇಳುವುದು ಈ ಕಾರಣಕ್ಕೆ. ಕೆರೆದ ಕಜ್ಜಿಯಲ್ಲಿ ಸ್ಟ್ರೆಪ್ಟೊಕಾಕಸ್ ಸೇರಿದರೆ ಕೆಲವು ವಾರಗಳ ನಂತರ ಮೂತ್ರಪಿಂಡ ಊದಿಕೊಳ್ಳುವುದೂ ಉಂಟು. ಹುಳ, ಅಲರ್ಜಿ, ಬ್ಯಾಕ್ಟೀರಿಯಾ, ಮೂತ್ರಪಿಂಡ: ಒಂದೇ ಸರಪಳಿ.

ಕೆಸರುಹುಣ್ಣು ಇನ್ನೊಂದು ಉದಾಹರಣೆ. ಮಳೆಗಾಲದಲ್ಲಿ ಕಾಲ್ಬೆರಳ ಸಂದಿಯಲ್ಲಿ ಶಿಲೀಂಧ್ರ ಬೆಳೆದು ಚರ್ಮ ಬೆಳ್ಳಗೆ ಕೊಳೆತಂತಾಗುತ್ತದೆ. ಆಗ ಕೆಲವರ ಅಂಗೈಯಲ್ಲಿ, ಬೆರಳ ಬದಿಗಳಲ್ಲಿ ಸಾಬೂದಾಣಿಯಂಥ ನೀರುಗುಳ್ಳೆಗಳು ಏಳುತ್ತವೆ. ಅಂಗೈಯ ಗುಳ್ಳೆಯನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರ ಇರುವುದಿಲ್ಲ. ಕಾಲಿನಲ್ಲಿರುವ ಸೋಂಕಿಗೆ ಕೈ ತೋರಿದ ಅಲರ್ಜಿ ಅದು. ಕೈಗೆ ಎಷ್ಟು ಮುಲಾಮು ಹಚ್ಚಿದರೂ ಕಾಲು ವಾಸಿಯಾಗದೆ ಅದು ಹೋಗದು.

ಪಿತ್ತಗಂದೆಯ ವಿಷಯವೂ ಸ್ವಲ್ಪ ಹೀಗೆಯೇ. ದೊಡ್ಡವರಲ್ಲಿ ದಿಢೀರನೆ ಏಳುವ ಗಂದೆಗಳ ಹಿಂದೆ ಎಷ್ಟೋ ಸಲ ನಾಲ್ಕು ದಿನದ ಹಿಂದಿನ ಶೀತಜ್ವರದ ವೈರಸ್ ಇರುತ್ತದೆ; ಜನ ಮಾತ್ರ ನಿನ್ನೆ ತಿಂದ ಊಟವನ್ನೇ ದೂರುತ್ತಾರೆ. ನಮ್ಮ ಕರಾವಳಿಯಲ್ಲಿ ಗಂದೆ ಎದ್ದರೆ ಮುರುಗಲು ಸಿಪ್ಪೆಯ ನೀರು ಹಚ್ಚುವ ರೂಢಿಯಿದೆ. ಹಚ್ಚಿ, ತಂಪಾಗುತ್ತದೆ. ಆದರೆ ಒಂದೊಂದು ಗಂದೆಯೂ ಸಾಮಾನ್ಯವಾಗಿ 24 ಗಂಟೆಯೊಳಗೆ ತಾನಾಗಿಯೇ ಇಳಿಯುವಂಥದು ಎಂಬುದೂ ತಿಳಿದಿರಲಿ. ತುಟಿ, ನಾಲಿಗೆ ಬಾತು ಉಸಿರು ಕಟ್ಟಿದರೆ ಮುರುಗಲನ್ನು ಹುಡುಕುತ್ತ ಕೂರಬಾರದು.

ಹಾಗಾದರೆ ಹಿರಿಯರ ‘ನಂಜಿನ ಪದಾರ್ಥ’ದ ಮಾತು ಸುಳ್ಳೇ? ಬದನೆ ತಿಂದರೆ ಗಾಯದಲ್ಲಿ ಕೀವಾಗುವುದಿಲ್ಲ, ಕೀವು ಬ್ಯಾಕ್ಟೀರಿಯಾದ್ದು. ಸಿಗಡಿ ಮಾತ್ರ ಕೆಲವರಿಗೆ ನಿಜವಾಗಿಯೂ ಅಲರ್ಜಿ. ಬೇಯಿಸಿದರೂ ಅದರ ಅಲರ್ಜಿ ಗುಣ ಹೋಗುವುದಿಲ್ಲ. ಅದಕ್ಕೆ ಕಾರಣವಾದ ಮುಖ್ಯ ಪ್ರೋಟೀನು ಟ್ರೋಪೊಮಯೋಸಿನ್ ಎಂಬುದನ್ನು 1993ರಲ್ಲಿ ಗುರುತಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಅವರ ತಂಡ ಪ್ರಮುಖವಾದದ್ದು. ಬಂಗಡೆಯ ಕತೆ ಬೇರೆ. ಹಿಡಿದ ಬಂಗಡೆ ಮಂಜುಗಡ್ಡೆ ಕಾಣದೆ ಬಿಸಿಲಿನಲ್ಲಿ ಕುಳಿತರೆ ಬ್ಯಾಕ್ಟೀರಿಯಾಗಳು ಅದರ ಮಾಂಸದಲ್ಲೇ ಹಿಸ್ಟಮಿನ್ ತಯಾರಿಸಿಡುತ್ತವೆ. ಅಲರ್ಜಿಯಾದಾಗ ನಮ್ಮ ದೇಹ ಬಿಡುಗಡೆ ಮಾಡುವ ರಾಸಾಯನಿಕವೂ ಇದೇ. ಅಂಥ ಮೀನನ್ನು ಎಷ್ಟು ಕುದಿಸಿದರೂ ಹಿಸ್ಟಮಿನ್ ಹಾಳಾಗದು. ತಿಂದವರ ಮುಖ ಕೆಂಪೇರಿ, ಮೈಯೆಲ್ಲ ದದ್ದೆದ್ದು ಅಪ್ಪಟ ಅಲರ್ಜಿಯಂತೆ ಕಾಣುತ್ತದೆ. ಅದು ಅಲರ್ಜಿಯಲ್ಲ, ಕೆಟ್ಟ ಮೀನು. ತಾಜಾ ಬಂಗಡೆಯನ್ನು ಅವರು ಮರುದಿನವೇ ಉಣ್ಣಬಹುದು. ಅಲರ್ಜಿಯೇ ಇಲ್ಲದವರಿಗೆ ಗಾಯವಾಯಿತೆಂದು ತಿಂಗಳುಗಟ್ಟಲೆ ಮೀನು ಬಿಡಿಸುವುದು ನನಗೆ ಸರಿಕಾಣುವುದಿಲ್ಲ. ಗಾಯ ಕೂಡಲು ಪ್ರೋಟೀನು ಬೇಕು, ಕರಾವಳಿಯ ಬಡವರ ಪ್ರೋಟೀನು ಮೀನೇ.

ಯಾವಾಗ ಭಯಪಡಬೇಕು

ಹೆಚ್ಚಿನ ಇಸಬು ಕಾಡುತ್ತದೆ, ಕೊಲ್ಲುವುದಿಲ್ಲ. ಆದರೆ 2018ರಲ್ಲಿ ಪ್ರಕಟವಾದ, ಅಮೆರಿಕದ ವಯಸ್ಕರ ಆಸ್ಪತ್ರೆ ದಾಖಲೆಗಳ ಅಧ್ಯಯನವೊಂದು ಇಸಬಿರುವವರಲ್ಲಿ ಗಂಭೀರ ಸೋಂಕುಗಳು ಹೆಚ್ಚು ಎಂದು ತೋರಿಸಿತು. ಅವುಗಳಲ್ಲಿ ಸೆಲ್ಯುಲೈಟಿಸ್ ಮುಖ್ಯವಾದದ್ದು. ಚರ್ಮದ ಆಳದ ಪದರಗಳಿಗೆ ಸೋಂಕು ಹರಡುವುದೇ ಇದು. ಕಾಲ್ಬೆರಳ ಸಂದಿಯ ಬಿರುಕು, ಇಸಬಿನ ಒಡಕು ಇದರ ಹೆಬ್ಬಾಗಿಲು. ಆನೆಕಾಲು ಇರುವವರಲ್ಲಿ ಪದೇ ಪದೇ ಜ್ವರ ಬಂದು ಕಾಲು ಕೆಂಪಾಗುವುದಕ್ಕೂ ಬಹಳ ಸಲ ಇದೇ ಬಿರುಕು ಕಾರಣ.

ಮನೆಯಲ್ಲಿ ಇದನ್ನು ‘ಅಲರ್ಜಿ ಜಾಸ್ತಿಯಾಗಿದೆ’ ಎಂದು ತಳ್ಳಿಬಿಡುವ ಅಪಾಯವಿದೆ. ವ್ಯತ್ಯಾಸ ಹೀಗೆ ತಿಳಿಯಬಹುದು. ಇಸಬು ಸಾಮಾನ್ಯವಾಗಿ ಎರಡೂ ಕಾಲಿಗೆ ಬರುತ್ತದೆ, ನೋವಿಗಿಂತ ತುರಿಕೆ ಹೆಚ್ಚು, ಚರ್ಮ ಹೊಟ್ಟೇಳುತ್ತದೆ. ಸೆಲ್ಯುಲೈಟಿಸ್ ಹೆಚ್ಚಾಗಿ ಒಂದೇ ಕಾಲಿಗೆ. ಮುಟ್ಟಿದರೆ ಬಿಸಿ, ಒತ್ತಿದರೆ ನೋವು, ಕೆಂಪು ಗಂಟೆಗಂಟೆಗೂ ಹರಡುತ್ತದೆ, ಚಳಿಜ್ವರ ಜೊತೆಗೂಡುತ್ತದೆ. ಸಕ್ಕರೆ ಕಾಯಿಲೆಯವರಲ್ಲಿ ಪಾದದ ಸ್ಪರ್ಶಜ್ಞಾನ ಕುಂದಿ ನೋವು ತಿಳಿಯದೆಯೂ ಇರಬಹುದು, ಅವರ ಪಾದವನ್ನು ಮನೆಯ ಎಳೆಯ ಕಣ್ಣುಗಳೇ ನೋಡಬೇಕು.

ಇನ್ನೊಂದು ವೈರಸ್ಸಿನದು. ತುಟಿಯ ಮೇಲೆ ಜ್ವರಗುಳ್ಳೆ ಏಳಿಸುವ ಹರ್ಪಿಸ್ ವೈರಸ್ ಇಸಬಿನ ಚರ್ಮಕ್ಕೆ ತಗಲಿದರೆ ಕಾಳ್ಗಿಚ್ಚಿನಂತೆ ಹರಡುತ್ತದೆ. ಕಪೋಸಿ ಎಂಬ ವೈದ್ಯ 1887ರಲ್ಲೇ ಇದನ್ನು ವಿವರಿಸಿದ್ದ. ಒಂದೇ ಅಳತೆಯ, ರಂಧ್ರ ಹೊಡೆದಂತೆ ಕಾಣುವ ನೋಯುವ ಹುಣ್ಣುಗಳು, ಜ್ವರ. ಕಣ್ಣಿಗೆ ಹತ್ತಿದರೆ ದೃಷ್ಟಿಗೇ ಅಪಾಯ. ಬೇಗ ಬಂದರೆ ಎಸೈಕ್ಲೊವಿರ್ ಔಷಧವಿದೆ. ಸಿಡುಬಿನ ಲಸಿಕೆ ಹಾಕುತ್ತಿದ್ದ ಕಾಲದಲ್ಲೂ ಇಂಥದೇ ಭಯವಿತ್ತು. ನಿಮ್ಮ ಅಜ್ಜಿಯ ತೋಳಿನ ಮೇಲೆ ಅದರ ಗುರುತು ಇರಬಹುದು, ನೋಡಿ. ಆ ಲಸಿಕೆಯ ವೈರಸ್ ಇಸಬಿನವರ ಮೈಗೆಲ್ಲ ಹರಡಬಲ್ಲದಾದ್ದರಿಂದ ಅವರಿಗೆ ಲಸಿಕೆ ಹಾಕಲು ವೈದ್ಯರು ಹಿಂಜರಿಯುತ್ತಿದ್ದರು. ಮನೆಯಲ್ಲಿ ಇನ್ನೊಬ್ಬರು ಹಾಕಿಸಿಕೊಂಡರೂ ತಗಲುವ ಸಾಧ್ಯತೆಯಿತ್ತು.

ಇಲಿಜ್ವರದ ರೋಗಾಣು ಕೂಡ ಒಡೆದ ಚರ್ಮದ ಮೂಲಕವೇ ದೇಹ ಹೊಗುತ್ತದೆ. ಗದ್ದೆಯ ನೀರು, ನೆರೆಯ ನೀರು ಅದರ ವಾಹನ. 2019ರ ಆಗಸ್ಟ್‌ನಲ್ಲಿ ಕಾಳಿ, ಗಂಗಾವಳಿ ಉಕ್ಕಿದಾಗ, 2021ರ ಜುಲೈಯಲ್ಲಿ ಗಂಗಾವಳಿ ಮತ್ತೆ ಉಕ್ಕಿದಾಗ ಮನೆಯೊಳಗಿನ ಕೆಸರನ್ನು ಬರಿಗಾಲಲ್ಲಿ ನಿಂತು ಎತ್ತಿದವರೆಷ್ಟೋ. ಒಡೆದ ಪಾದದವರು ಅಂಥ ನೀರಿಗೆ ಇಳಿಯುವಾಗ ಗಂಬೂಟು ಹಾಕಬೇಕು. ನಂತರದ ದಿನಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ನೆರೆನೀರಿನ ವಿಷಯವನ್ನು ವೈದ್ಯರಿಗೆ ತಿಳಿಸಬೇಕು.

ಟ್ಯೂಬಿನ ಮೇಲೆ ಬರೆದದ್ದನ್ನು ಓದಿ

ಈಗ ಎದ್ದುಹೋಗಿ ನಿಮ್ಮ ಮನೆಯ ಔಷಧದ ಡಬ್ಬಿ ನೋಡಿ. ಅರ್ಧ ಹಿಂಡಿದ ಒಂದು ಟ್ಯೂಬು ಇದ್ದೇ ಇರುತ್ತದೆ. ಅದರ ಮೇಲೆ ಕ್ಲೊಬೆಟಸಾಲ್ ಅಥವಾ ಬೆಟಾಮೆಥಸೋನ್, ಜೊತೆಗೆ ಒಂದು ಶಿಲೀಂಧ್ರನಾಶಕ, ಜೊತೆಗೆ ನಿಯೊಮೈಸಿನ್ ಎಂದು ಬರೆದಿದ್ದರೆ ನಿಮ್ಮ ಕೈಯಲ್ಲಿರುವುದು ಸ್ಟಿರಾಯ್ಡ್ ಬೆರೆತ ಮೂರು ಔಷಧಗಳ ಮಿಶ್ರಣ. ಹುಳುಕಡ್ಡಿಗೆ ಇದನ್ನು ಹಚ್ಚಿದರೆ ಎರಡು ದಿನದಲ್ಲಿ ತುರಿಕೆ ಮಾಯ. ಸ್ಟಿರಾಯ್ಡ್ ತುರಿಕೆಯನ್ನು ಮಲಗಿಸಿತು, ಜೊತೆಗೆ ಆ ಜಾಗದ ರೋಗನಿರೋಧಕ ಶಕ್ತಿಯನ್ನೂ ಮಲಗಿಸಿತು. ಶಿಲೀಂಧ್ರ ಹಾಯಾಗಿ ಹಬ್ಬುತ್ತದೆ. ಅಂಚು ಅಳಿಸಿ ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. ಔಷಧಕ್ಕೆ ಸುಲಭವಾಗಿ ಬಗ್ಗದ ಹುಳುಕಡ್ಡಿ ನಮ್ಮ ದೇಶದಲ್ಲಿ ಈಗ ದೊಡ್ಡ ತಲೆನೋವಾಗಿದೆ. ಅದರ ಶಿಲೀಂಧ್ರಕ್ಕೆ 2020ರಲ್ಲಿ ಇಟ್ಟ ಹೆಸರೇ ಟ್ರೈಕೊಫೈಟಾನ್ ಇಂಡೋಟಿನಿಯೆ, ಹೆಸರಿನಲ್ಲೇ ಇಂಡಿಯಾ ಸೇರಿಕೊಂಡಿದೆ. ಹೆಮ್ಮೆಪಡುವ ಸಂಗತಿಯಲ್ಲ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ ಎಂದು ನಿಯಮ ಮಾಡಿತು. ಅಂಗಡಿಯ ಕಿಟಕಿಯಲ್ಲಿ ‘ತುರಿಕೆಗೆ ಒಂದು ಟ್ಯೂಬ್ ಕೊಡಿ’ ಎನ್ನುವ ದನಿ ಅದರಿಂದ ನಿಂತಿಲ್ಲ.

ಹಾಗೆಂದು ಸ್ಟಿರಾಯ್ಡ್ ಎಂದೊಡನೆ ಬೆಚ್ಚುವುದೂ ತಪ್ಪು. ನಿಜವಾದ ಇಸಬಿಗೆ, ವೈದ್ಯರು ಹೇಳಿದ ಬಲದ್ದನ್ನು, ಹೇಳಿದಷ್ಟು ದಿನ ಹಚ್ಚಿದರೆ ಉರಿಯೂತ ಇಳಿದು ಗೋಡೆ ಮತ್ತೆ ಕಟ್ಟಿಕೊಳ್ಳುತ್ತದೆ, ಸ್ಟೆಫೈಲೊಕಾಕಸ್ಸಿನ ಸಂಖ್ಯೆಯೂ ತಾನಾಗಿ ಇಳಿಯುತ್ತದೆ. ಬ್ಯಾಕ್ಟೀರಿಯಾ ಇದೆ ಎಂದಮಾತ್ರಕ್ಕೆ ಪ್ರತಿಯೊಬ್ಬರಿಗೂ ಆ್ಯಂಟಿಬಯಾಟಿಕ್ ಗುಳಿಗೆ ಬೇಕಾಗುವುದಿಲ್ಲ. ಇನ್ನೊಂದು ವಿಪರ್ಯಾಸ ನೋಡಿ: ರೋಗಾಣು ಕೊಲ್ಲಲೆಂದು ಹಚ್ಚುವ ನಿಯೊಮೈಸಿನ್, ನೈಟ್ರೊಫ್ಯುರಜೋನ್ ಮುಲಾಮುಗಳೇ ಕೆಲವರಿಗೆ ಅಲರ್ಜಿ ತರುತ್ತವೆ. ಗಾಯ ಮಾಯುತ್ತಿಲ್ಲ ಎಂದು ಇನ್ನಷ್ಟು ಹಚ್ಚುತ್ತಾರೆ, ಗಾಯ ಇನ್ನಷ್ಟು ಕೆರಳುತ್ತದೆ. ಇಂಥಲ್ಲಿ ಚರ್ಮವೈದ್ಯರು ಅನುಮಾನದ ವಸ್ತುಗಳನ್ನು ಬೆನ್ನಿಗೆ ಪಟ್ಟಿಯಂತೆ ಅಂಟಿಸಿ, 48 ಗಂಟೆಗೊಮ್ಮೆ, ಮತ್ತೆ 96 ಗಂಟೆಗೊಮ್ಮೆ ನೋಡಿ ಅಪರಾಧಿಯನ್ನು ಪತ್ತೆಹಚ್ಚುತ್ತಾರೆ.

ದಿನನಿತ್ಯ ಮಾಡಬೇಕಾದದ್ದು ದುಬಾರಿಯದಲ್ಲ. ಸ್ನಾನವಾಗಿ ಮೈ ಇನ್ನೂ ಹಸಿಯಿರುವಾಗಲೇ ಸುವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿಯನ್ನೋ ಕೊಬ್ಬರಿ ಎಣ್ಣೆಯನ್ನೋ ಹಚ್ಚುವುದು ಗೋಡೆಗೆ ಗಾರೆ ಮೆತ್ತಿದಂತೆ. ಮೀನಿನ ಕೆಲಸಕ್ಕೆ ರಬ್ಬರ್ ಕೈಗವಸು ಹಾಕುವುದಾದರೆ ಒಳಗೆ ಹತ್ತಿಯದು ಇರಲಿ. ಇಲ್ಲದಿದ್ದರೆ ಬೆವರಿನಲ್ಲೇ ಕೈ ನೆನೆಯುತ್ತದೆ. ಕಾಲ್ಬೆರಳ ಸಂದಿಯನ್ನು ಹಳೆಯ ಹತ್ತಿಬಟ್ಟೆಯಿಂದ ಒರೆಸಿ ಒಣಗಿಸಲು ಒಂದು ನಿಮಿಷ ಸಾಕು. ಒಡೆದ ಇಸಬಿಗೆ ಉಪ್ಪುನೀರು, ಬೂದಿ, ಬ್ಯಾಟರಿ ನೀರು ಹಾಕುವವರನ್ನು ದಯವಿಟ್ಟು ತಡೆಯಿರಿ.

ಮನೆಯವರ ಕಾಲು ಕೆಂಪಾಗಿ ಬಾತಿದೆ, ಅಲರ್ಜಿಯೋ ಸೋಂಕೋ ಗೊತ್ತಾಗುತ್ತಿಲ್ಲ, ಹೊರಗೆ ಆಷಾಢದ ಮಳೆ, ‘ನಾಳೆ ನೋಡೋಣ’ ಎನ್ನುತ್ತಿದ್ದಾರೆ ಎಂದಿಟ್ಟುಕೊಳ್ಳಿ. ನಿಮ್ಮ ಬಾಲ್‌ಪೆನ್ ತೆಗೆದು, ಕೆಂಪು ಎಲ್ಲಿ ಮುಗಿಯುತ್ತದೋ ಅಲ್ಲಿ ಚರ್ಮದ ಮೇಲೆ ಸುತ್ತಲೂ ಗೆರೆ ಎಳೆಯಿರಿ, ಪಕ್ಕದಲ್ಲಿ ಗಂಟೆ ಬರೆಯಿರಿ. ಆಸ್ಪತ್ರೆಯ ವಾರ್ಡಿನಲ್ಲಿ ವೈದ್ಯರೂ ಹೀಗೆಯೇ ಮಾಡುತ್ತಾರೆ. ಎರಡು ಮೂರು ಗಂಟೆಗೊಮ್ಮೆ ನೋಡಿ. ಕೆಂಪು ಗೆರೆಯನ್ನು ದಾಟಿದ್ದರೆ, ಅಥವಾ ಗೆರೆ ಎಲ್ಲೇ ಇರಲಿ ಚಳಿಜ್ವರ, ಮಂಪರು, ಗುಳ್ಳೆ, ಚರ್ಮ ಕಪ್ಪಾಗುವುದು ಇವುಗಳಲ್ಲಿ ಒಂದಾದರೂ ಇದ್ದರೆ, ಬೆಳಗಾಗುವುದನ್ನು ಕಾಯದೆ ಅಂಕೋಲೆಯ ತಾಲೂಕು ಆಸ್ಪತ್ರೆಗೋ ಕಾರವಾರದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೋ ಹೊರಡಿ. ಹೊರಡುವಾಗ ಡಬ್ಬಿಯಲ್ಲಿದ್ದ ಆ ಅರ್ಧ ಹಿಂಡಿದ ಟ್ಯೂಬನ್ನೂ ಜೊತೆಗೆ ಒಯ್ಯಿರಿ. ಏನು ಹಚ್ಚಿದ್ದೀರಿ ಎಂದು ಅಲ್ಲಿ ಮೊದಲು ಕೇಳುತ್ತಾರೆ.